ಒದ್ದೆ ಡೇರೆ

ನಮ್ಮದು ಲಾಂಡ್ರಿ ಅಂಗಡಿ. ನಮ್ಮ ಯಜಮಾನರು ಹಾಕಿದ್ದು, ನನ್ನ ಮಗ ಬೆಳೆಸಿದ್ದು. ಈಗ ನಾನೂ ಸೊಸೆಯೂ ನಡೆಸುತ್ತಿದ್ದೇವೆ. ಮುಂದೆ ಅಂಗಡಿ, ಹಿಂದೆ ಮನೆ, ಮೇಲೆ ಬಟ್ಟೆ ಹರವುವ ತಾರಸಿ. ಈ ಮನೆಯಲ್ಲಿ ಹುಟ್ಟಿದ ಮಗುವಿಗೆ ನಾಲಗೆ ತಿರುಗುವ ಮೊದಲೇ ಒಂದು ಸಂಗತಿ ತಿಳಿದಿರುತ್ತದೆ: ಒದ್ದೆ ಬಟ್ಟೆಯನ್ನು ಮಡಿಸಿ ಇಡಬಾರದು. ಯಾರಾದರೂ ಗಿರಾಕಿ ಹಸಿ ಟವೆಲುಗಳನ್ನು ಚೀಲಕ್ಕೆ ತುರುಕಿ ವಾರ ಬಿಟ್ಟು ತಂದುಕೊಟ್ಟರೆ ನನ್ನ ಮಗ ಮೂಗು ಹಿಡಿದುಕೊಂಡು, "ಸ್ವಾಮೀ, ಇದು ಬಟ್ಟೆಯೋ ಅಣಬೆ ತೋಟವೋ?" ಎಂದು ಕೇಳುತ್ತಿದ್ದ. ಬೈಸಿಕೊಂಡ ಗಿರಾಕಿಯೂ ನಗುತ್ತಿದ್ದ.

ಅಂಥ ಮನೆಯಲ್ಲಿ, ಮೆಟ್ಟಿಲ ಕೆಳಗಿನ ಮೂಲೆಯಲ್ಲಿ, ಒಂದು ಒದ್ದೆ ಡೇರೆ ವರ್ಷವಿಡೀ ಕಟ್ಟಿದಂತೆಯೇ ಬಿದ್ದಿತ್ತು.

ಆ ಡೇರೆಯೂ ಅಂಗಡಿಗೆ ಬಂದ ಮಾಲೇ. ಯಾರೋ ತೊಳೆಯಲು ಕೊಟ್ಟು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ದಪ್ಪ ಹತ್ತಿ ಬಟ್ಟೆ, ಮಣ್ಣಿನ ಬಣ್ಣ, ಹೊಲಿಗೆ ಗಟ್ಟಿ. ಕಾದು ಕಾದು ಸಾಕಾಗಿ, ಒಂದು ಬೇಸಿಗೆಯಲ್ಲಿ ನನ್ನ ಮಗ ಅದನ್ನು ಹೆಗಲಿಗೇರಿಸಿಕೊಂಡು, "ನಡೀರಿ, ಹೊಳೆ ದಂಡೆಗೆ ಹೋಗೋಣ. ಇದರ ಯಜಮಾನ ಬರೋವರೆಗೆ ಗಾಳಿ ಆಡಿಸ್ಬೇಕಲ್ಲ" ಎಂದ. ಊರಿನಿಂದ ಅರ್ಧ ದಿನದ ದಾರಿಯಲ್ಲಿ ಸರ್ಕಾರದ ವನವೊಂದಿದೆ. ನದಿ ಅದರ ನಡುವೆ ಹರಿಯುತ್ತದೆ. ಡೇರೆ ಹಾಕಿಕೊಳ್ಳುವವರಿಗೆಂದೇ ಮರಗಳ ಕೆಳಗೆ ಜಾಗ ಬಿಟ್ಟಿದ್ದಾರೆ. ಒಂದೊಂದು ಜಾಗಕ್ಕೂ ಒಂದು ಸಿಮೆಂಟಿನ ಮೇಜು, ಬೆಂಕಿ ಹಾಕಲು ಕಲ್ಲಿನ ಸುತ್ತು, ನಾಲ್ಕು ಹೆಜ್ಜೆ ಆಚೆ ನಲ್ಲಿ. ಆಮೇಲೆ ಪ್ರತಿ ಬೇಸಿಗೆ ಅಂಗಡಿಗೆ ಬೀಗ ಹಾಕಿ ಅಲ್ಲಿಗೆ ಹೋಗುವುದು ನಮಗೆ ರೂಢಿಯಾಯಿತು. ಪಕ್ಕದ ಡೇರೆಯವರು ಯಾರಾದರೂ ನಮ್ಮ ಕಡೆ ಸ್ವಲ್ಪ ಹೊತ್ತು ನೋಡಿದರೆ ಸಾಕು, ಮಗ ಪಿಸುಗುಟ್ಟುತ್ತಿದ್ದ: "ಇವರೇ ಇರ್ಬೇಕು, ಟೆಂಟಿನ ಯಜಮಾನ್ರು. ಹತ್ರ ಬಂದ್ರೆ ಎಲ್ರೂ ಒಳಗೆ ನುಗ್ಗಿ ಗಟ್ಟಿಯಾಗಿ ಕೂತ್ಕೊಂಡುಬಿಡಿ. ಅಮ್ಮ, ನೀನು ಬಾಗಿಲಲ್ಲಿ ಕೂತ್ಕೋ. ನಿನ್ನ ಕಂಡ್ರೆ ಯಾರೂ ಬರಲ್ಲ."

ಡೇರೆಯನ್ನು ಸುತ್ತಿ ಕಟ್ಟುವುದು ಅವನ ಕೆಲಸ, ಬಿಚ್ಚುವುದು ನನ್ನ ಮೊಮ್ಮಗಳದು. ಅವಳು ಹುಟ್ಟಾ ಸಣಕಲಿ. ಅಪ್ಪ ಅವಳನ್ನು ಕಡ್ಡಿ ಎಂದು ಕರೆದ, ಆ ಹೆಸರೇ ನಿಂತಿತು. ನಮ್ಮ ಅಂಗಡಿಯ ಗಂಟುಗಳನ್ನು ಕಟ್ಟುವ ಹಾಗೆಯೇ, ಹಗ್ಗದ ಒಂದು ತುದಿಯನ್ನು ಮಡಿಸಿ ಹೊರಗೆ ಬಿಟ್ಟು ಅವನು ಡೇರೆಯನ್ನು ಕಟ್ಟುತ್ತಿದ್ದ. ಆ ತುದಿಯನ್ನು ಹಿಡಿದು ಎಳೆದರೆ ಕಟ್ಟು ಒಂದೇ ಸಲಕ್ಕೆ ಜಾರಬೇಕು. ಕಡ್ಡಿ ಎಳೆಯುತ್ತಿದ್ದಳು, ಅವಳ ಬಲಕ್ಕೆ ತಾನೇ ಉರುಳಿಬಿದ್ದವನಂತೆ ಅವನು ಹುಲ್ಲಿನ ಮೇಲೆ ಹೊರಳುತ್ತಿದ್ದ.

ಕಳೆದ ವರ್ಷ ಹೊರಡುವ ಬೆಳಗ್ಗೆ ಮಳೆ ಹಿಡಿಯಿತು. ನೆನೆದ ಡೇರೆಯನ್ನೇ ಸುತ್ತಿ, ಕಟ್ಟಿ, ವ್ಯಾನಿಗೆ ಹಾಕಿದ. ಮನೆ ಮುಟ್ಟುವ ಹೊತ್ತಿಗೆ ನಾವೆಲ್ಲ ಸೋತಿದ್ದೆವು. ಅದನ್ನು ಮೆಟ್ಟಿಲ ಕೆಳಗೆ ನೂಕಿ, "ನಾಳೆ ಒಣಗಿಸ್ತೀನಿ" ಎಂದ. ಹಾಗೆ ಹೇಳಿ ಕೈ ತೊಳೆಯಲು ಹೋದ.

ಮರುದಿನ ಬೆಳಗ್ಗೆ ಯಂತ್ರದಿಂದ ಹಾಸಿಗೆಯ ಹೊದಿಕೆಗಳನ್ನು ಎತ್ತುತ್ತಿದ್ದವನು, "ಅಮ್ಮ, ಒಂಚೂರು ಕೂತ್ಕೋತೀನಿ" ಎಂದು ಬುಟ್ಟಿಯ ಪಕ್ಕ ನೆಲದ ಮೇಲೆ ಕುಳಿತ. ಇಸ್ತ್ರಿ ಆರಿಸಿ ನಾನು ಅವನ ಕಡೆ ತಿರುಗಿದೆ. ಅಷ್ಟರಲ್ಲಿ ಅವನ ಉಸಿರು ನಿಂತಿತ್ತು.

ನಾನು ದೇವರನ್ನು ನಂಬಿ ಬದುಕಿದವಳು. ನಮ್ಮ ಯಜಮಾನರು ತೀರಿಕೊಂಡಾಗ ನಂಬಿಕೆಗೆ ಇಂಬು ಸಿಕ್ಕಂತೆಯೇ ಆಗಿತ್ತು. ಅವರು ಅಂಗಡಿಯನ್ನು ಮಗನ ಕೈಗೆ ಕೊಟ್ಟು, ಅಂದಿನ ಕೊನೆಯ ಕೋಟಿಗೆ ಇಸ್ತ್ರಿ ಹಾಕಿ, ಅದನ್ನು ಮೊಳೆಗೆ ತೂಗುಹಾಕಿ, ಊಟ ಮಾಡಿ ಮಲಗಿದವರು ನಿದ್ದೆಯಲ್ಲೇ ಹೋದರು. ಕೆಲಸ ಮುಗಿದವರನ್ನು ದೇವರು ಕರೆಯುತ್ತಾನೆ ಎಂಬುದು ಅಂದಿನಿಂದ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತ್ತು. ಮಗ ಹೋದ ದಿನ ಕಡ್ಡಿ ನನ್ನ ಮಡಿಲಲ್ಲಿ ಕುಳಿತು, "ದೇವರು ಅಪ್ಪನ್ನ ಯಾಕಜ್ಜಿ ಕರ್ಕೊಂಡ?" ಎಂದು ಕೇಳಿದಾಗ, ಔಷಧಿ ಕುಡಿಸಿದಂತೆ ಆ ಮಾತನ್ನೇ ಕುಡಿಸಿದೆ. "ಅಪ್ಪನ ಕೆಲಸ ಎಲ್ಲಾ ಮುಗಿದಿತ್ತು ಕಂದ. ಕೆಲಸ ಮುಗಿದ ಮೇಲೇ ದೇವರು ಕರೆಯೋದು."

ಮಗು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಶಾಲೆಯಲ್ಲಿ ಕೇಳಿದವರಿಗೆ ಅದನ್ನೇ ಹೇಳಿತು. ಅದರ ಬಲದ ಮೇಲೆ ಉಂಡಿತು, ಮಲಗಿತು, ಮತ್ತೆ ನಗುವುದನ್ನೂ ಕಲಿಯಿತು.

ಆದರೆ ಮೆಟ್ಟಿಲ ಕೆಳಗೆ ಮುಗಿಯದ ಕೆಲಸ ಒಂದು ಉಳಿದಿತ್ತಲ್ಲ. ಕೆಲವು ದಿನ ಕಳೆಯುವಷ್ಟರಲ್ಲಿ ಅದರ ವಾಸನೆ ನನ್ನ ಮೂಗಿಗೆ ಬಡಿಯಿತು. ಜೀವಮಾನವಿಡೀ ಬಟ್ಟೆಯ ನಡುವೆ ಇದ್ದವಳಿಗೆ ಅದು ಏನೆಂದು ಯಾರೂ ಹೇಳಬೇಕಾಗಿಲ್ಲ. ಒಮ್ಮೆ ಕಸ ಗುಡಿಸುವಾಗ ಅದನ್ನು ಈಚೆಗೆ ಎಳೆಯಲು ಬಾಗಿದೆ. ಸೊಸೆ ಇಸ್ತ್ರಿ ಮೇಜಿನಿಂದಲೇ, ತಲೆ ಎತ್ತದೆ, "ಅದನ್ನ ಮುಟ್ಟಬೇಡಿ ಅತ್ತೆ" ಎಂದಳು. ನನಗೆ ಒಳಗೊಳಗೇ ಸಮಾಧಾನವಾಯಿತು. ಬಿಚ್ಚದಿದ್ದರೆ ಮಗು ನೋಡುವುದಿಲ್ಲ. ಮಗು ನೋಡದಿದ್ದರೆ ನಾನು ಹೇಳಿದ ಮಾತು ಉಳಿಯುತ್ತದೆ.

ಹೀಗೆ ಲಾಂಡ್ರಿಯವರ ಮನೆಯಲ್ಲಿ ಬಟ್ಟೆ ಕೊಳೆಯಿತು.

ಮತ್ತೆ ಬೇಸಿಗೆ ಬಂತು. ಶಾಲೆಗೆ ರಜೆ ಕೊಟ್ಟ ದಿನವೇ ಕಡ್ಡಿ ಅಂಗಡಿಯ ಗಲ್ಲಾ ಪೆಟ್ಟಿಗೆಯ ಮೇಲೆ ಹತ್ತಿ ಕುಳಿತು, "ಅಮ್ಮ, ಹೊಳೆಗೆ ಯಾವಾಗ?" ಎಂದಳು.

ನಾನು ಸೊಸೆಯ ಮುಖ ನೋಡಿದೆ. ಅವಳು ಅಂಗಿಯ ತೋಳನ್ನು ಎರಡು ಸಲ ಇಸ್ತ್ರಿ ಮಾಡಿದಳು.

"ಹೋಗೋಣ," ಎಂದಳು.

"ಬಾಡಿಗೆಗೆ ಒಳ್ಳೊಳ್ಳೆ ಟೆಂಟು ಸಿಗುತ್ತಂತೆ," ಎಂದು ನಾನು ಬಾಯಿ ಹಾಕಿದೆ. "ಹಗುರ. ಅರ್ಧ ಗಳಿಗೇಲಿ ನಿಲ್ಲಿಸ್ಬಹುದಂತೆ."

"ಅಪ್ಪಂದೇ ಬೇಕು," ಎಂದಳು ಕಡ್ಡಿ. "ಗಂಟು ಬಿಚ್ಚೋದು ನಾನು."

"ಅದೇ ತಗೊಂಡು ಹೋಗೋಣ," ಎಂದಳು ಸೊಸೆ. "ಅಲ್ಲಿ ಕಟ್ಟಿದ್ದು ಅಲ್ಲೇ ಬಿಚ್ಚೋಣ."

ಬಟ್ಟೆ ಕೊಳೆತದ್ದು ಇವಳಿಗೆ ಗೊತ್ತಿಲ್ಲವೇ, ಗೊತ್ತಿದ್ದೂ ಹೀಗನ್ನುತ್ತಾಳೆಯೇ ಎಂದು ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಹೊರಡುವವರೆಗೂ ದೇವರ ಮುಂದೆ ಕೈಮುಗಿದು ಒಂದನ್ನೇ ಬೇಡಿದೆ: ಆ ಕಟ್ಟು ಬಿಚ್ಚದಿರಲಿ. ನನ್ನ ಈ ವಯಸ್ಸಿನಲ್ಲಿ, ಒಂದು ಹಗ್ಗದ ಗಂಟಿಗಾಗಿ ನಾನು ದೇವರನ್ನು ಕಾಡಿದೆ.

ವ್ಯಾನು ಓಡಿಸಿದವನು ಸೊಸೆಯ ಅಣ್ಣ. ಊರಿಂದೂರಿಗೆ ಸಾಮಾನು ಸಾಗಿಸುವುದು ಅವನ ಕಸುಬು. ದಾರಿಯಲ್ಲಿ ನೊಣ ಹಾರಿದರೂ ಹಾರ್ನ್ ಒತ್ತುತ್ತಾನೆ. ಅದಕ್ಕೇ ಕಡ್ಡಿ ಅವನನ್ನು ಹಾರ್ನ್ ಮಾಮ ಎಂದು ಕರೆಯುತ್ತಾಳೆ. ಡೇರೆಯ ಕಟ್ಟನ್ನು ವ್ಯಾನಿನೊಳಗೆ ಎತ್ತಿ ಇಟ್ಟವನು ಅವನೇ. ಇಡುವಾಗ ಮೂಗು ಅರಳಿಸಿ ನನ್ನ ಕಡೆ ನೋಡಿದ. ನಾನು ನೋಟ ತಪ್ಪಿಸಿದೆ. ಅವನು ಎಲ್ಲ ಕಿಟಕಿಗಳ ಗಾಜನ್ನೂ ಇಳಿಸಿದ.

"ಯಾಕೆ ಮಾಮ, ಗಾಳಿ ಜೋರಾಗಿದೆ," ಎಂದಳು ಕಡ್ಡಿ.

"ನಿನ್ನ ಮಾಮಂಗೆ ಬೆವರು ಜಾಸ್ತಿ ಕಣೇ. ಸಹಿಸ್ಕೋ."

ನಡುವೆ ಚಹಾ ಕುಡಿಯಲು ನಿಲ್ಲಿಸಿದೆವು. ಮಗು ಮಾಮನ ಜೊತೆ ಬಿಸ್ಕತ್ತು ತರಲು ಹೋಯಿತು. ಈಗ ಹೇಳಿಬಿಡಬೇಕು ಎಂದು ನಾನು, "ನೋಡಮ್ಮ, ಆ ಟೆಂಟು..." ಎಂದೆ.

ಸೊಸೆ ತನ್ನ ಲೋಟದಿಂದ ಕಣ್ಣು ತೆಗೆಯಲಿಲ್ಲ. "ಚಹಾ ಆರುತ್ತೆ ಅತ್ತೆ, ಕುಡೀರಿ," ಎಂದಳು.

ನಾನು ಕುಡಿದೆ.

ವನದ ಬಾಗಿಲಲ್ಲಿ ಅದೇ ಹಳೆಯ ಕಾವಲಿನಾಕೆ ಇದ್ದಳು. ಖಾಕಿ ಅಂಗಿ, ಕೊರಳಲ್ಲಿ ಸೀಟಿ, ಮಾತಿನಲ್ಲಿ ಒರಟು, ಮನಸ್ಸಿನಲ್ಲಿ ಅಲ್ಲ. ನಮ್ಮನ್ನು ಕಂಡು ಅವಳ ಮುಖ ಅರಳಿತು.

"ಬಂದ್ರಾ? ಈ ಸಲ ಬರಲ್ವೇನೋ ಅಂದ್ಕೊಂಡಿದ್ದೆ. ನಿಮ್ಮ ಜಾಗ ಖಾಲಿ ಇದೆ, ಅದೇ ಬಾಗಿದ ಮರದ ಕೆಳಗೆ. ಎಲ್ಲಿ ನಮ್ಮ ಹಾಡುಗಾರ? ಈ ಸಲನಾದ್ರೂ ರಾಗ ಕಲ್ತು ಬಂದಿದ್ದಾನಾ, ಇಲ್ಲಾ ಮತ್ತೆ ನನ್ನ ಹಕ್ಕಿಗಳನ್ನೆಲ್ಲ ಓಡಿಸ್ತಾನಾ?"

ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕಡ್ಡಿಯೇ ಹೇಳಿದಳು, ಪಾಠ ಒಪ್ಪಿಸುವ ದನಿಯಲ್ಲಿ: "ಅಪ್ಪ ತೀರ್ಕೊಂಡ್ರು. ಅವರ ಕೆಲಸ ಎಲ್ಲಾ ಮುಗಿದಿತ್ತು. ಅದಕ್ಕೇ ದೇವರು ಕರ್ಕೊಂಡ."

ಕಾವಲಿನಾಕೆ ಕೈಯಲ್ಲಿದ್ದ ಚೀಟಿಯನ್ನು ತಿರುಗಿಸಿ ನೋಡಿದಳು, ಏನೋ ಬರೆದಿದೆ ಎಂಬಂತೆ. ಆಮೇಲೆ, "ಹೌದಾ ಮಗಾ," ಎಂದಷ್ಟೇ ಹೇಳಿ ಅಡ್ಡಗಂಬ ಎತ್ತಿದಳು. ವ್ಯಾನು ದಾಟುವಾಗ ಅವಳ ಕಣ್ಣು ನನ್ನ ಕಣ್ಣನ್ನು ಹುಡುಕಿತು. ನಾನು ಮಡಿಲಲ್ಲಿದ್ದ ಚೀಲವನ್ನು ಸರಿಮಾಡಿಕೊಂಡೆ.

ಜಾಗ ಹಾಗೆಯೇ ಇತ್ತು. ಮರ ನೀರಿನ ಕಡೆಗೆ ಇನ್ನೊಂದಿಷ್ಟು ಬಾಗಿತ್ತು. ಮೇಜಿನ ಒಂದು ಮೂಲೆ ಒಡೆದಿತ್ತು, ಅದನ್ನು ಒಡೆದದ್ದು ನನ್ನ ಮಗನೇ, ಕೊಡಲಿಯ ಹಿಂಬದಿಯಿಂದ ಗೂಟ ಹೊಡೆಯಲು ಹೋಗಿ. ಆಚೆ ಬದಿಯಲ್ಲಿ ಒಂದು ನೀಲಿ ಡೇರೆ, ಇಬ್ಬರು ಮಕ್ಕಳು, ಬಾಣಲೆಯಲ್ಲಿ ಮೊಟ್ಟೆ ಹುರಿಯುತ್ತಿದ್ದ ಒಬ್ಬ ಗಂಡಸು. ಹೊಳೆಯ ನೀರು ತಿಳಿಯಾಗಿತ್ತು, ತಳದ ಕಲ್ಲು ಕಾಣುತ್ತಿತ್ತು. ಎಲ್ಲವೂ ಇತ್ತು. ಇಷ್ಟೆಲ್ಲ ಹೇಗೆ ಇದೆ ಎಂದು ನನಗೆ ಸಿಟ್ಟು ಬಂತು.

ಹಾರ್ನ್ ಮಾಮ ಕಟ್ಟನ್ನು ತಂದು ಹುಲ್ಲಿನ ಮೇಲೆ ಇಟ್ಟ. ಕಡ್ಡಿ ಅದರ ಮುಂದೆ ಮಂಡಿಯೂರಿದಳು. ಅಂಗೈಗೆ ಉಗುಳು ಹಚ್ಚಿಕೊಂಡಳು, ಅಪ್ಪ ಮಾಡುತ್ತಿದ್ದಂತೆ. ಹಗ್ಗದ ತುದಿಯನ್ನು ಹಿಡಿದು ಎಳೆದಳು.

ಬರಲಿಲ್ಲ.

ಮತ್ತೆ ಎಳೆದಳು. ಎರಡೂ ಕಾಲುಗಳನ್ನು ಕಟ್ಟಿಗೆ ಒತ್ತಿ, ಹಿಂದಕ್ಕೆ ಬಾಗಿ, ಹಲ್ಲು ಕಚ್ಚಿ ಎಳೆದಳು. ನೆನೆದು ಉಬ್ಬಿ ಒಣಗಿದ ಹತ್ತಿಯ ಹಗ್ಗ ಕಲ್ಲಾಗಿತ್ತು.

"ಅಪ್ಪ ಗಂಟು ತಪ್ಪಾಗಿ ಹಾಕಿದ್ದಾರೆ," ಎಂದಳು. "ಅಪ್ಪ ಯಾವತ್ತೂ ಹೀಗೆ ಹಾಕಲ್ಲ."

"ತಪ್ಪಾಗಿಲ್ಲ, ಬಿಗಿಯಾಗಿದೆ ಅಷ್ಟೆ," ಎಂದು ಹಾರ್ನ್ ಮಾಮ ಜೇಬಿನಿಂದ ಚಾಕು ತೆಗೆದ. "ಸರಿ, ಒಂದೇ ಏಟು..."

"ಕತ್ತರಿಸಬೇಡ!" ಎಂದು ಸೊಸೆ ಕೂಗಿದಳು. ಮೊಟ್ಟೆ ಹುರಿಯುತ್ತಿದ್ದ ಮನುಷ್ಯ ತಿರುಗಿ ನೋಡಿದ.

"ಅಲ್ಲ ಕಣೇ ತಂಗಿ, ಸಾಯಂಕಾಲದವರೆಗೆ ಇದನ್ನ ನೋಡ್ತಾ ಕೂತಿರೋದಾ?"

"ಕೂತಿರೋಣ."

ಗಂಟು ಬಿಚ್ಚದಿರಲಿ ಎಂದು ಬೇಡಿದ್ದೆನಲ್ಲ, ದೇವರು ಕೇಳಿಸಿಕೊಂಡಿದ್ದ. ಸುಮ್ಮನಿದ್ದರೆ ಸಾಕಾಗಿತ್ತು. ಕಟ್ಟು ಹಾಗೆಯೇ ವಾಪಸು ಮನೆಗೆ ಹೋಗುತ್ತಿತ್ತು. ಆದರೆ ಮಗು ಹುಲ್ಲಿನ ಮೇಲೆ ಕುಳಿತು, ಕೆಂಪಾದ ಅಂಗೈಗಳನ್ನು ನೋಡಿಕೊಳ್ಳುತ್ತಾ, "ನಂಗೆ ಬರಲ್ಲ, ಅಪ್ಪ ನನಗೆ ಅಂತ ಹಾಕಿದ್ರು, ನಂಗೇ ಬರಲ್ಲ" ಎಂದು ಬಿಕ್ಕಿತು. ಅದನ್ನು ನೋಡಿಕೊಂಡು ಕೈ ಕಟ್ಟಿ ನಿಲ್ಲುವುದು ನನ್ನಿಂದ ಆಗಲಿಲ್ಲ.

"ಸ್ವಲ್ಪ ಆಚೆ ಸರಿಯೇ, ನಾನು ನೋಡ್ತೀನಿ," ಎಂದು ಕುಳಿತೆ.

ಎಳೆದರೆ ಇಂಥ ಗಂಟು ಇನ್ನೂ ಕಚ್ಚಿಕೊಳ್ಳುತ್ತದೆ. ಅದನ್ನು ಅಂಗೈಗಳ ನಡುವೆ ಇಟ್ಟು ಹೊಸೆಯಬೇಕು, ಮರದ ಚಮಚದಿಂದ ಮೆಲ್ಲಗೆ ತಟ್ಟಬೇಕು, ಮತ್ತೆ ಹೊಸೆಯಬೇಕು. ಈ ಗಂಟನ್ನು ಹಾಕುವುದನ್ನು ನನ್ನ ಮಗನಿಗೆ ಕಲಿಸಿದವಳು ನಾನೇ. ಆಗ ಅವನು ಕಡ್ಡಿಗಿಂತ ಚಿಕ್ಕವನು. ಅಂಗಡಿಯ ನೆಲದ ಮೇಲೆ ಕುಳಿತು, ತನ್ನ ಕಾಲನ್ನೇ ಕಟ್ಟಿಕೊಂಡು ಅಭ್ಯಾಸ ಮಾಡುತ್ತಿದ್ದ. ಹೊಸೆಯುತ್ತಾ ಹೊಸೆಯುತ್ತಾ ಗಂಟಿನ ಒಂದೊಂದು ಸುತ್ತೂ ನನ್ನ ಬೆರಳಿಗೆ ತಿಳಿಯಿತು. ಇಲ್ಲಿ ಅವನು ಹೆಬ್ಬೆರಳು ಒತ್ತಿದ್ದಾನೆ, ಇಲ್ಲಿ ಮಳೆಗೆ ಅವಸರ ಮಾಡಿದ್ದಾನೆ. ಅವನ ಕೈಯ ಕೊನೆಯ ಕೆಲಸವನ್ನು ನನ್ನ ಕೈ ಸಡಿಲ ಮಾಡುತ್ತಿತ್ತು. ಹೆತ್ತವಳಿಗೆ ಇಂಥ ಕೆಲಸ ಕೊಟ್ಟೆಯಲ್ಲಪ್ಪಾ ಎಂದು ಒಳಗೇ ಹೇಳಿಕೊಂಡೆ.

ಗಂಟು ಸಡಿಲಾಯಿತು. ನಾನು ಪೂರ್ತಿ ಬಿಚ್ಚಲಿಲ್ಲ. "ಈಗ ಎಳಿ," ಎಂದೆ.

ಕಡ್ಡಿ ಕಣ್ಣು ಒರೆಸಿಕೊಂಡು ಬಂದು ತುದಿಯನ್ನು ಎಳೆದಳು. ಕಟ್ಟು ಜಾರಿತು. ಅಭ್ಯಾಸಬಲದಿಂದ ಅವಳು ಪಕ್ಕದ ಹುಲ್ಲಿನ ಕಡೆ ತಿರುಗಿ ನೋಡಿದಳು. ಅಲ್ಲಿ ಯಾರೂ ಹೊರಳಲಿಲ್ಲ.

ಸೊಸೆಯೂ ಅವಳಣ್ಣನೂ ಎರಡು ಕಡೆ ಹಿಡಿದು ಸುರುಳಿಯನ್ನು ಬಿಡಿಸಿದರು. ಮೊದಲ ಸುತ್ತು ಬಿಚ್ಚಿಕೊಂಡಿತು. ಆಮೇಲಿನದು ಒಂದಕ್ಕೊಂದು ಅಂಟಿತ್ತು. ಎಬ್ಬಿಸಿದಾಗ ನೆನೆದ ಕಾಗದದಂತೆ ಸದ್ದಿಲ್ಲದೆ ಹರಿಯಿತು. ಮಣ್ಣಿನ ಬಣ್ಣ ಎಲ್ಲೂ ಉಳಿದಿರಲಿಲ್ಲ. ಕಪ್ಪು, ಬೂದು, ಅಲ್ಲಲ್ಲಿ ಹಸಿರು. ಮಡಿಕೆ ಇದ್ದಲ್ಲೆಲ್ಲ ಬಟ್ಟೆ ಪುಡಿಯಾಗಿ ಉದುರಿತು. ನಡುವಿನ ಸುತ್ತುಗಳು ಇನ್ನೂ ತಣ್ಣಗಿದ್ದವು. ಅವನ ಆ ಬೆಳಗ್ಗಿನ ಮಳೆ ಅಲ್ಲಿ ಇನ್ನೂ ಇತ್ತು. ವಾಸನೆಗೆ ಹಾರ್ನ್ ಮಾಮ ಮುಖ ಪಕ್ಕಕ್ಕೆ ಮಾಡಿದ.

ಕಡ್ಡಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಹತ್ತಿರ ಹೋಗಿ ಬಾಗಿ, ಒದ್ದೆ ಇದ್ದ ಜಾಗವನ್ನು ಅಂಗೈಯಿಂದ ಮುಟ್ಟಿ ನೋಡಿದಳು. ಲಾಂಡ್ರಿಯವರ ಮಗು ಹೇಗೆ ನೋಡುತ್ತದೋ ಹಾಗೆ.

"ಅಪ್ಪ ಒಣಗಿಸ್ಲೇ ಇಲ್ಲ," ಎಂದಳು.

ಕಪ್ಪಾದ ಅಂಗೈಯನ್ನು ಹುಲ್ಲಿಗೆ ಒರೆಸಿದಳು.

"ಅಜ್ಜಿ, ಅಪ್ಪನ ಕೆಲಸ ಮುಗಿದಿರ್ಲಿಲ್ಲ."

ಅವಳು ಎದ್ದು, ಚಪ್ಪಲಿಯನ್ನೂ ಮೆಟ್ಟದೆ, ಬಾಗಿದ ಮರದ ಬುಡಕ್ಕೆ ಹೋಗಿ ನಮಗೆ ಬೆನ್ನು ಮಾಡಿ ಕುಳಿತಳು.

"ಇದನ್ನ ಗೇಟ್ ಹತ್ರ ಕಸದ ತೊಟ್ಟಿಗೆ ಹಾಕಿ ಬರ್ತೀನಿ," ಎಂದ ಹಾರ್ನ್ ಮಾಮ ಮೆಲ್ಲಗೆ. "ನನ್ನ ಸೀಟಿನ ಕೆಳಗೆ ಒಂದು ಟೆಂಟು ಇದೆ. ಗೆಳೆಯನ ಹತ್ರ ಇಸ್ಕೊಂಡು ಬಂದೆ. ವಾಸನೆ ನೋಡಿ ಮೊದಲೇ ಗೊತ್ತಾಗಿತ್ತು ನಂಗೆ."

"ಬೇಡ," ಎಂದಳು ಸೊಸೆ. "ಒಣಗಿಸ್ಬೇಕು."

"ಏನು ಒಣಗಿಸ್ತೀಯೇ? ಇದರಲ್ಲಿ ಏನು ಉಳಿದಿದೆ? ಕೈ ಹಾಕಿದ್ರೆ ಹರೀತಿದೆ."

"ಗೊತ್ತು. ಆದ್ರೂ."

ನಾನು ಅವಳ ಬಳಿಗೆ ಹೋದೆ. "ನಿನಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದೆ.

"ನಾನೂ ಅದೇ ಅಂಗಡೀಲಿ ಇರೋಳಲ್ವಾ ಅತ್ತೆ? ನಿಮಗೆ ಬಂದ ವಾಸನೆ ನನ್ನ ಮೂಗಿಗೆ ಬರ್ಲಿಲ್ಲ ಅಂದ್ಕೊಂಡ್ರಾ?" ಅವಳು ಹರಿದ ಅಂಚನ್ನು ಬೆರಳಲ್ಲಿ ನೀವುತ್ತಿದ್ದಳು. "ಬಿಚ್ಚಿ ತಾರಸಿಗೆ ಹಾಕೋಣ ಅಂತ ದಿನಾ ಅಂದ್ಕೋತಿದ್ದೆ. ಅವರು ನಾಳೆ ಅಂದಿದ್ರಲ್ಲ. ಇನ್ನೊಂದಿನ ಇರ್ಲಿ, ಅವರ ಕೆಲಸ ಅವರಿಗೇ ಇರ್ಲಿ ಅಂತ ಬಿಡ್ತಿದ್ದೆ. ನಾನು ಅದನ್ನ ಒಣಗಿಸಿಬಿಟ್ರೆ ಅವರು ಬರೋಕೆ ಏನು ಉಳಿಯುತ್ತೆ ಹೇಳಿ?"

ಇಷ್ಟು ದಿನ ಒಂದೇ ಮೇಜಿನ ಎರಡು ಬದಿಗೆ ನಿಂತು ನಾವಿಬ್ಬರೂ ಬಟ್ಟೆ ಮಡಿಸಿದ್ದೇವೆ. ಅವಳು ಅವನಿಗಾಗಿ ಕಾದಿದ್ದಳು. ನಾನು ನನ್ನ ಮಾತಿಗಾಗಿ ಹೆದರಿದ್ದೆ. ಇಬ್ಬರೂ ಮೂಗು ಮುಚ್ಚಿಕೊಂಡು ಸುಮ್ಮನಿದ್ದೆವು.

"ಆ ತುದಿ ಹಿಡಿ," ಎಂದೆ.

ಮರದಿಂದ ಮರಕ್ಕೆ ಹಗ್ಗ ಕಟ್ಟಿದೆವು. ದೊಡ್ಡ ಹೊದಿಕೆಗಳನ್ನು ಹರವುವಂತೆ ಇಬ್ಬರೂ ಎರಡು ಕಡೆ ಹಿಡಿದು, ಕೊಡವದೆ, ಉಸಿರು ಬಿಗಿಹಿಡಿದು ಎತ್ತಿದೆವು. ಹರಿದದ್ದು ಹರಿಯಿತು, ಉಳಿದದ್ದನ್ನು ಹಗ್ಗದ ಮೇಲೆ ಹಾಕಿದೆವು. ಅಷ್ಟರಲ್ಲಿ ಕಾವಲಿನಾಕೆ ಸೈಕಲ್ ಮೇಲೆ ಬಂದಳು.

"ಅಜ್ಜಿ, ಮರಕ್ಕೆ ಹಗ್ಗ ಕಟ್ಟೋ ಹಾಗಿಲ್ಲ. ಬೋರ್ಡ್ ಹಾಕಿದ್ದೀವಿ ನೋಡಿ..." ಎಂದು ಶುರುಮಾಡಿದವಳು, ತೂಗುತ್ತಿದ್ದ ಆ ಚಿಂದಿಯನ್ನೂ, ಮರದ ಬುಡದಲ್ಲಿ ಕುಳಿತ ಮಗುವಿನ ಬೆನ್ನನ್ನೂ ನೋಡಿದಳು. ಸೈಕಲನ್ನು ಹಾಗೆಯೇ ಹಿಂದಕ್ಕೆ ತಿರುಗಿಸಿದಳು. "ನಂಗೆ ಇವತ್ತು ಆ ಕಡೆ ದಂಡೇಲಿ ಕೆಲಸ ಇದೆ. ಈ ಕಡೆ ಬರಲ್ಲ," ಎಂದು ಹೇಳಿ ಹೋದಳು.

ಬಿಸಿಲು ಚೆನ್ನಾಗಿತ್ತು. ಮಧ್ಯಾಹ್ನ ರೊಟ್ಟಿ, ಬೇಯಿಸಿದ ಆಲೂಗಡ್ಡೆ ತಿಂದೆವು. ಕಡ್ಡಿ ತಟ್ಟೆಯನ್ನು ಮುಟ್ಟಲಿಲ್ಲ. ಹಾರ್ನ್ ಮಾಮ ಅವಳನ್ನು ನೀರಿಗೆ ಕರೆದ, ದೋಣಿ ತೋರಿಸಿದ, ಕೊನೆಗೆ ಬಾಯಲ್ಲೇ ಹಾರ್ನ್ ಹೊಡೆದ. ಅವಳು ತಿರುಗಲಿಲ್ಲ.

ಪ್ರತಿ ವರ್ಷ ಇಲ್ಲಿಗೆ ಬಂದಾಗ, ಬಿಸಿಲು ಇಳಿಯುವ ಹೊತ್ತಿಗೆ, ನಾನು ನೀರಿನ ಅಂಚಿಗೆ ಹೋಗಿ ಕೈಮುಗಿದು ಕುಳಿತುಕೊಳ್ಳುತ್ತೇನೆ. ಕಡ್ಡಿಯೂ ಪಕ್ಕ ಬಂದು ಕುಳಿತು, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಮೀನು ನೋಡುತ್ತಾಳೆ. ಅಂದೂ ಹೋದೆ. ಕೈ ಮುಗಿದೆ. ಎಷ್ಟೋ ಹೊತ್ತಿನ ಮೇಲೆ ಅವಳು ಬಂದು ಪಕ್ಕದಲ್ಲಿ ಕುಳಿತಳು. ಎರಡೂ ಕಣ್ಣು ತೆರೆದಿದ್ದಳು.

"ಅಜ್ಜಿ, ಟೆಂಟು ಮೆಟ್ಟಿಲ ಕೆಳಗೆ ಇತ್ತಲ್ಲ. ದೇವರಿಗೆ ಕಾಣಿಸ್ಲಿಲ್ವೇನೋ."

"ಯಾಕೆ ಕಂದ?"

"ಕಂಡಿದ್ರೆ, ಇವನಿಗೆ ಇನ್ನೂ ಕೆಲಸ ಇದೆ ಅಂತ ಗೊತ್ತಾಗಿರೋದು. ಬಿಟ್ಟು ಹೋಗಿರೋನು." ಅವಳು ಕಾಲ ಹೆಬ್ಬೆರಳಿನಿಂದ ಮರಳನ್ನು ಕೆದಕಿದಳು. ದನಿ ಸಣ್ಣದಾಯಿತು. "ನಂಗೆ ಗೊತ್ತಿತ್ತು, ಅಪ್ಪ ನಾಳೆ ಒಣಗಿಸ್ತೀನಿ ಅಂದಿದ್ದು. ನಾನು ಅಲ್ಲೇ ಇದ್ದೆ. ನಾನು ದೇವರಿಗೆ ಹೇಳಿದ್ರೆ ಬಿಡ್ತಿದ್ನಾ ಅಜ್ಜಿ? ನಾನು ಹೇಳ್ಲಿಲ್ಲ. ನಂಗೆ ಹೊಳೀಲೇ ಇಲ್ಲ."

ಮಾತು ಸುಳ್ಳಾಗುತ್ತದೆ ಎಂದು ನಾನು ಹೆದರಿದ್ದೆ. ಅದು ಮಗುವಿನ ಕುತ್ತಿಗೆಗೆ ಹೀಗೆ ಸುತ್ತಿಕೊಳ್ಳುತ್ತದೆ ಎಂದು ನೆನೆಸಿಯೂ ಇರಲಿಲ್ಲ. ಏನಾದರೊಂದು ಹೇಳಿ ಸಮಾಧಾನ ಮಾಡಬಹುದಿತ್ತು. ಉಳಿದ ಕೆಲಸವನ್ನು ನಾವು ಮಾಡಲಿ ಎಂದೇ ಬಿಟ್ಟುಹೋದ, ಹೀಗೆ ಏನಾದರೂ. ನಾಲಗೆಯ ತುದಿಗೂ ಬಂತು. ಹೊಳೆಯ ಮುಂದೆ, ಮುಗಿದ ಕೈಗಳ ಮುಂದೆ, ಇನ್ನೊಂದನ್ನು ಕಟ್ಟಿ ಹೇಳಲು ನನಗೆ ಮನಸ್ಸಾಗಲಿಲ್ಲ.

ಕೈ ಬಿಡಿಸಿ ಅವಳ ಮುಖವನ್ನು ಹಿಡಿದುಕೊಂಡೆ.

"ಕೇಳು ಇಲ್ಲಿ. ನೀನು ಹೇಳಿದ್ರೂ ಅಷ್ಟೆ, ಹೇಳದಿದ್ರೂ ಅಷ್ಟೆ. ನಿನ್ನಿಂದ ಏನೂ ಆಗಿಲ್ಲ. ಅಜ್ಜಿ ಹೇಳಿದ್ದು ಸರಿ ಇಲ್ಲ ಕಂದ. ಕೆಲಸ ಮುಗಿದವರನ್ನೂ ಕರೀತಾನೆ, ಮುಗೀದೇ ಇರೋರನ್ನೂ ಕರೀತಾನೆ. ನಿಮ್ಮ ಅಪ್ಪಂಗೆ ಬೇಕಾದಷ್ಟು ಕೆಲಸ ಇತ್ತು. ನಿನ್ನ ಬೆಳೆಸೋದಿತ್ತು. ಟೆಂಟು ಒಣಗಿಸೋದಿತ್ತು. ಎಲ್ಲಾ ಇತ್ತು."

"ಮತ್ತೆ ಯಾಕೆ ಕರ್ಕೊಂಡ?"

"ಗೊತ್ತಿಲ್ಲ."

"ನಿಂಗೂ ಗೊತ್ತಿಲ್ವಾ?"

"ನಂಗೂ ಗೊತ್ತಿಲ್ಲ."

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ನಾನು ಅಷ್ಟು ಸಣ್ಣವಳಾಗಿ ಅವಳಿಗೆ ಎಂದೂ ಕಂಡಿರಲಿಕ್ಕಿಲ್ಲ.

"ಹಾಗಾದ್ರೆ ಇಲ್ಲಿ ಬಂದು ಯಾಕೆ ಕೈಮುಗೀತೀಯ?"

"ಬೇರೆ ಯಾರ ಹತ್ರ ಹೋಗಿ ಕೇಳ್ಲಿ ಹೇಳು?"

ಆಗ ಅವಳು ಅತ್ತಳು. ಅಪ್ಪ ಹೋದ ದಿನವೂ ಹಾಗೆ ಅತ್ತಿರಲಿಲ್ಲ. ನಾನು ಹೇಳಿದ ಮಾತು ಅಷ್ಟು ದಿನ ಆ ಅಳುವಿಗೆ ಅಡ್ಡ ನಿಂತಿತ್ತು ಎಂದು ಆಗ ತಿಳಿಯಿತು. ನೀಲಿ ಡೇರೆಯವರು ತಮ್ಮ ಮಕ್ಕಳನ್ನು ಒಳಗೆ ಕರೆದುಕೊಂಡರು. ಸೊಸೆ ಓಡಿ ಬಂದು ನೀರಿನ ಅಂಚಿನಲ್ಲೇ ಕುಳಿತು ಮಗಳನ್ನು ಎಳೆದುಕೊಂಡಳು. ಮೂವರೂ ಅಲ್ಲೇ ಕುಳಿತಿದ್ದೆವು. ನಾನು ಮತ್ತೆ ಕೈ ಮುಗಿಯಲಿಲ್ಲ. ಕೈ ಮುಗಿಯದೆಯೂ ದೇವರಿಗೆ ಕೇಳಿಸುವುದಿದ್ದರೆ ಕೇಳಿಸಲಿ ಎಂದು ಬಿಟ್ಟೆ.

ಆ ರಾತ್ರಿ ಹಾರ್ನ್ ಮಾಮ ತಂದ ಡೇರೆಯಲ್ಲಿ ಮಲಗಿದೆವು. ಅದು ಹಗುರವಾಗಿತ್ತು, ಗಾಳಿಗೆಲ್ಲ ಸದ್ದು ಮಾಡುತ್ತಿತ್ತು.

ಬೆಳಗ್ಗೆ ಬಿಸಿಲು ಏರಿದ ಮೇಲೆ ಸೊಸೆ ಹಗ್ಗದ ಮೇಲಿನ ಬಟ್ಟೆಯನ್ನು ಮುಟ್ಟಿ ನೋಡಿದಳು. ಒಳಗಿನ ಸುತ್ತೂ ಒಣಗಿತ್ತು. ಹರಿದು, ಕಪ್ಪಾಗಿ, ಗಾಳಿಗೆ ಗರಗರ ಎನ್ನುತ್ತಿತ್ತು, ಆದರೆ ಒಣಗಿತ್ತು. ನಾನೂ ಅವಳೂ ಅದನ್ನು ಇಳಿಸಿದೆವು. ಅಂಗಡಿಯಲ್ಲಿ ನಾನೂ ಮಗನೂ ದೊಡ್ಡ ಹೊದಿಕೆಗಳನ್ನು ಮಡಿಸುತ್ತಿದ್ದಂತೆ, ದೂರದಿಂದ ಒಬ್ಬರ ಕಡೆಗೆ ಒಬ್ಬರು ನಡೆದು ಬಂದು ಅಂಚಿಗೆ ಅಂಚು ಕೂಡಿಸಿದೆವು. ಪ್ರತಿ ಸಲ ನನ್ನ ಕೈ ಅವಳ ಕೈಯನ್ನು ಮುಟ್ಟಿತು. ಪುಡಿ ಹುಲ್ಲಿನ ಮೇಲೆ ಉದುರಿತು. ಮೊದಲಿನ ಅರ್ಧದಷ್ಟೂ ಉಳಿಯಲಿಲ್ಲ.

"ಇದನ್ನ ಎಲ್ಲಿಗೆ?" ಎಂದು ಹಾರ್ನ್ ಮಾಮ ಕೇಳಿದ.

"ಮನೆಗೆ," ಎಂದಳು ಸೊಸೆ.

ಕಡ್ಡಿ ಹಗ್ಗ ತಂದಳು. ಯಾರೂ ಹೇಳದೆಯೇ ಸುರುಳಿಗೆ ಹಗ್ಗ ಸುತ್ತಿ, ನಾಲಗೆಯನ್ನು ತುಟಿಯ ಮೂಲೆಗೆ ಕಚ್ಚಿಕೊಂಡು ಗಂಟು ಹಾಕಿದಳು. ಕಟ್ಟುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಬಿಚ್ಚಿ ಬಿಚ್ಚಿಯೇ ಕಲಿತಿದ್ದಳು. ಗಂಟು ಸ್ವಲ್ಪ ಓರೆಯಾಗಿತ್ತು. ಒಂದು ತುದಿಯನ್ನು ಮಡಿಸಿ ಹೊರಗೆ ಬಿಟ್ಟಳು.

ನಾನು ಅವಳ ತಲೆ ಸವರಿ, "ಸರಿ, ಮುಗೀ..." ಎಂದೆ.

ಅವಳು ಥಟ್ಟನೆ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ಅಂಗೈ ಹಗ್ಗದ ವಾಸನೆ ಹೊಡೆಯುತ್ತಿತ್ತು.

"ಮುಗೀತು ಅನ್ಬೇಡ ಅಜ್ಜಿ," ಎಂದಳು. "ಒಣಗಿತು ಅಂತ ಹೇಳು, ಅಷ್ಟೆ."

"ಒಣಗಿತು," ಎಂದೆ.

ಕಟ್ಟನ್ನು ಅವಳೇ ಎರಡೂ ಕೈಯಲ್ಲಿ ತಬ್ಬಿ ವ್ಯಾನಿಗೆ ಹೊತ್ತಳು. ಅಷ್ಟು ದೊಡ್ಡದಾಗಿದ್ದುದು ಈಗ ಆ ಸಣಕಲಿಯ ತೋಳಿನಲ್ಲಿ ಹಿಡಿಸುತ್ತಿತ್ತು. ದಾರಿಯುದ್ದಕ್ಕೂ ಅದು ನಮ್ಮಿಬ್ಬರ ನಡುವೆ ಸೀಟಿನ ಮೇಲೆ ಇತ್ತು. ವ್ಯಾನು ಕುಲುಕಿದಾಗಲೆಲ್ಲ ಹಗ್ಗದ ತುದಿ ನನ್ನ ಮಂಡಿಗೆ ತಗಲುತ್ತಿತ್ತು. ನಾನು ಅದನ್ನು ಮುಟ್ಟಲಿಲ್ಲ.